ಯಾರ ಕೈಯೂ ತಾಗದ ಲಾರಿ

ಹಲ್ಲಿನ ಡಾಕ್ಟರುಗಳಿಗೆ ಕಟ್ಟುಹಲ್ಲು ಮಾಡಿಕೊಡುವುದು ಅವಳ ಕಸುಬು. ಬಿಡುವಾದಾಗ ಅದೇ ಮೇಜಿನ ಮೇಲೆ, ಅದೇ ಸಣ್ಣ ಡ್ರಿಲ್ಲಿನಿಂದ, ಹಳೆಯ ಕಾಲದ ಲೋಹದ ಆಟಿಕೆ ಲಾರಿಗಳನ್ನು ರಿಪೇರಿ ಮಾಡುತ್ತಿದ್ದಳು. ಅಣ್ಣ ಗುಜರಿಯಲ್ಲಿ ಹುಡುಕಿ ತರುತ್ತಿದ್ದ, ಅವಳು ಸರಿಮಾಡಿದ ಮೇಲೆ ಒಯ್ದು ಮಾರುತ್ತಿದ್ದ. ಆರು ವರ್ಷದಿಂದ ಹೀಗೇ ನಡೆದಿತ್ತು. ಮಾರುವ ಜಾಗಕ್ಕೆ ಅವಳು ಒಮ್ಮೆಯೂ ಹೋದವಳಲ್ಲ.

ಆ ಭಾನುವಾರ ಹೋದಳು. ಶಾಲೆಯೊಂದರ ಸಭಾಂಗಣದಲ್ಲಿ ಹಳೆಯ ಆಟಿಕೆಗಳ ಸಂತೆ. ಅಣ್ಣನ ಮೇಜಿನ ನಟ್ಟನಡುವೆ ಅವಳು ಸರಿಮಾಡಿದ್ದ ಹಾಲಿನ ಲಾರಿ ನಿಂತಿತ್ತು. ಕೈಗೆ ಬಂದಾಗ ಅದಕ್ಕೆ ಮುಂದಿನ ಜಾಲರಿಯೇ ಇರಲಿಲ್ಲ. ಇನ್ನೊಂದು ಲಾರಿಯಿಂದ ಅಚ್ಚು ತೆಗೆದು, ಕಟ್ಟುಹಲ್ಲಿನಂತೆಯೇ ಎರಕ ಹೊಯ್ದು ಕೂರಿಸಿದ್ದಳು. ತಳದ ರಿವೆಟ್ ಕೊರೆದು ಸ್ಕ್ರೂ ಹಾಕಿದ್ದಳು. ಚಕ್ರಗಳಿಗೆ ಪುಟ್ಟ ಬೇರಿಂಗ್ ಕೊಟ್ಟಿದ್ದಳು. ನೀಲಿ ಬಣ್ಣವೊಂದಕ್ಕೇ ಮೂರು ವಾರ ಹಿಡಿದಿತ್ತು.

ಆ ನೀಲಿಯನ್ನು ಈಗ ಸ್ಯಾಂಡ್‌ಪೇಪರಿನಿಂದ ಹಳೆಯದಾಗಿ ಕಾಣುವಂತೆ ಉಜ್ಜಲಾಗಿತ್ತು. ಅಂಚಿನಲ್ಲೆಲ್ಲ ಲೋಹ ಇಣುಕುತ್ತಿತ್ತು. ಸ್ಕ್ರೂ ಕಾಣದಂತೆ ಬೂದು ಬಣ್ಣದ ಮೇಣ ಮೆತ್ತಲಾಗಿತ್ತು. ಪಕ್ಕದ ಚೀಟಿಯಲ್ಲಿ ಅಣ್ಣನ ಅಕ್ಷರ: ‘ಅಸಲಿ. ಯಾರ ಕೈಯೂ ತಾಗಿಲ್ಲ.’

ನಿವೃತ್ತ ಬಸ್ ಡ್ರೈವರೊಬ್ಬರು ಲಾರಿಯನ್ನು ಅಂಗೈ ಮೇಲೆ ಓಡಿಸಿ ನೋಡುತ್ತಿದ್ದರು. “ಎಷ್ಟು ನುಣ್ಣಗೆ ಉರುಳುತ್ತೆ! ಆಗಿನೋರ ಕೆಲಸಾನೇ ಬೇರೆ.”

“ಅದಂತೂ ನಿಜ ಸಾರ್,” ಎಂದ ಅಣ್ಣ.

ಅವಳಿಗೆ ಮೈಯೆಲ್ಲ ಉರಿದುಹೋಯಿತು. “ಆಗಿನೋರಲ್ಲ ಯಜಮಾನ್ರೇ, ನಾನು ಮಾಡಿದ್ದು.”

ಅಣ್ಣ ತೋಳು ಹಿಡಿದ. “ಏಯ್, ಸುಮ್ನಿರೇ. ಮನೇಲಿ ಮಾತಾಡೋಣ.”

“ಉಜ್ಜೋವಾಗ ನನ್ನ ಕೇಳಿದ್ಯಾ?”

ತೋಳು ಕೊಡವಿಕೊಂಡು, ಉಗುರಿನಿಂದ ಮೇಣ ಕಿತ್ತಳು. ಮೇಜಿನ ಮೇಲಿದ್ದ ಸ್ಕ್ರೂಡ್ರೈವರಿನಿಂದ ತಳ ಬಿಚ್ಚಿ ತೋರಿಸಿದಳು. ಒಳಗೆ ಹೊಸ ಬೇರಿಂಗ್‌ಗಳು ಫಳಫಳ ಹೊಳೆದವು.

ಡ್ರೈವರ್ ಒಂದು ಚಕ್ರವನ್ನು ಬೆರಳಿನಿಂದ ತಿರುಗಿಸಿ ನೋಡಿದರು. “ಕೆಲಸ ಚೆನ್ನಾಗಿದೆ ತಾಯಿ. ಆದ್ರೆ ನಂಗೆ ಬೇಕಾಗಿದ್ದು ಹಳೇದು,” ಎಂದು ಹೊರಟರು. ಅವರ ಹಿಂದೆಯೇ ನಾಲ್ಕೈದು ಜನ ಸರಿದುಹೋದರು.

“ಸಮಾಧಾನ ಆಯ್ತಾ?” ಅಣ್ಣ ಹಲ್ಲು ಕಚ್ಚಿದ. “ನಿನ್ನ ಕೈ ತಾಗಿದೆ ಅಂದ್ರೆ ಯಾರೂ ತಗೊಳ್ಳಲ್ಲ.”

“ಆರು ವರ್ಷ ನಾನು ಇಲ್ವೇ ಇಲ್ಲ ಅಂತ ಹೇಳ್ಕೊಂಡು ತಿರುಗಿದ್ಯಲ್ಲೋ! ಅದಕ್ಕೆ ನನ್ನ ಬಣ್ಣಾನೂ ಕೆರೆದ್ಯಲ್ಲೋ!”

ಸಭಾಂಗಣವೆಲ್ಲ ತಿರುಗಿ ನೋಡಿತು. ಅವಳು ಕ್ಯಾರೇ ಅನ್ನಲಿಲ್ಲ. ಮೇಜಿನ ಮೇಲಿದ್ದ ತನ್ನ ಹನ್ನೊಂದು ಲಾರಿಗಳನ್ನೂ ರಟ್ಟಿನ ಡಬ್ಬಕ್ಕೆ ತುಂಬಿ, ಎದೆಗವಚಿಕೊಂಡು ಬಸ್ ಹತ್ತಿದಳು.

ಮರುದಿನ ಅಮ್ಮನ ಫೋನ್. “ಒಡಹುಟ್ಟಿದೋನು ಕಣೇ. ಹೊಟ್ಟೆಗೆ ಹಾಕ್ಕೋ.”

“ಹಾಕ್ಕೊಂಡಿದ್ದೇ ಜಾಸ್ತಿ ಆಯ್ತಮ್ಮಾ.”

ಹಾಲಿನ ಲಾರಿಯ ಬಣ್ಣವನ್ನು ಪೂರಾ ತೆಗೆದು ಮೊದಲಿನಿಂದ ಹಚ್ಚಿದಳು. ಸಿಟ್ಟಿನಲ್ಲಿ ಅವಸರ ಮಾಡಿ ಎರಡು ಸಲ ಕೆಡಿಸಿದಳು. ಮುಂದಿನ ಸಂತೆಯಲ್ಲಿ ತಾನೇ ಮೇಜು ಬಾಡಿಗೆಗೆ ಹಿಡಿದು, ಕೇಳಿದವರಿಗೆಲ್ಲ ಏನೇನು ಬದಲಿಸಿದ್ದೇನೆಂದು ಬಿಚ್ಚಿ ತೋರಿಸಿದಳು. ಸಂಜೆಯವರೆಗೆ ಮಾರಾಟವಾದದ್ದು ಎರಡೇ.

ಎದುರು ಸಾಲಿನ ತನ್ನ ಮೇಜಿನಿಂದ ಅಣ್ಣ ಎದ್ದುಬಂದು ಕಾಫಿ ಲೋಟವೊಂದನ್ನು ಮುಂದಿಟ್ಟ. “ಬೆಳಗ್ಗೆಯಿಂದ ಏನೂ ಕುಡಿದಿಲ್ಲ ನೀನು.”

“ಬೇಡ,” ಎಂದಳು, ತಲೆಯೆತ್ತದೆ.