ಬೆನ್ನು ಮೇಲೆ

ಹಣ್ಣುನೊಣದ ಭ್ರೂಣ ಅಕ್ಕಿಯ ನುಚ್ಚಿಗಿಂತ ಚಿಕ್ಕದು. ಸೂಜಿಯಿಂದ ಹೊರಳಿಸಹೋದರೆ ಒಡೆದುಹೋಗುತ್ತದೆ. ಅದಕ್ಕೇ ನಮ್ಮ ಪ್ರಯೋಗಾಲಯದಲ್ಲಿ ಹಲ್ಲುಕಡ್ಡಿಯ ತುದಿಗೆ ಒಂದು ರೆಪ್ಪೆಗೂದಲು ಅಂಟಿಸಿ ಬಳಸುತ್ತೇವೆ. ಯಾರು ಹೊರಳಿಸುತ್ತಾರೋ ಅವರದೇ ಕಣ್ಣಿನದಾಗಬೇಕು ಎಂಬುದು ಇಲ್ಲಿನ ಪದ್ಧತಿ. ನಾಲ್ಕು ವರ್ಷದಿಂದ ಆ ಕೆಲಸ ನನ್ನದು. ಹಾಗಾಗಿ ಎಲ್ಲರಿಗೂ ನಾನು ರೆಪ್ಪೆ.

"ಏನೇ ರೆಪ್ಪೆ, ಇನ್ನೆಷ್ಟು ಉಳಿದಿವೆ?" ಎಂದು ಅಕ್ಕ ಕೇಳುತ್ತಿದ್ದರು.

"ಎಡಗಣ್ಣಲ್ಲಿ ಬೇಕಾದಷ್ಟಿವೆ ಅಕ್ಕ. ಬಲಗಣ್ಣು ಬೋಳಾಗ್ತಾ ಬಂತು."

"ನನ್ನ ಪ್ರಬಂಧ ಮುಗಿಯೋವರೆಗೆ ತಡ್ಕೋ. ಆಮೇಲೆ ಅಂಟಿಸ್ಕೊಳ್ಳೋ ರೆಪ್ಪೆ ನಾನೇ ತಂದ್ಕೊಡ್ತೀನಿ."

ಅಕ್ಕ ಎಂದರೆ ಒಡಹುಟ್ಟಿದವರಲ್ಲ, ನಮ್ಮಲ್ಲಿ ಆರು ವರ್ಷದಿಂದ ಡಾಕ್ಟರೇಟಿಗೆ ದುಡಿಯುತ್ತಿದ್ದವರು. ಎರಡು ಸಲ ಅವಧಿ ವಿಸ್ತರಿಸಿಕೊಂಡಿದ್ದರು. ಮೂರನೆಯದು ಸಿಗುವುದಿಲ್ಲ ಎಂದು ಅವರ ಮಾರ್ಗದರ್ಶಕರಾದ ಸರ್ ಮೊದಲೇ ಹೇಳಿಬಿಟ್ಟಿದ್ದರು. ಪ್ರಬಂಧ ಸಲ್ಲಿಸಲು ಹದಿನಾರು ದಿನ ಉಳಿದಿತ್ತು.

ಅಕ್ಕನ ಸಂಶೋಧನೆಯ ವಿಷಯವನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ನಾನು ಸಂಜೆ ಕಾಲೇಜಿನಲ್ಲಿ ಓದಿದವಳು, ತಪ್ಪಿದ್ದರೂ ಇರಬಹುದು. ಭ್ರೂಣದ ಹಿಂದಿನ ಕರುಳು ಮೊದಲು ಸರಿಯಾಗಿ ನಡುಗೆರೆಯ ಮೇಲಿರುತ್ತದೆ, ಅದಕ್ಕೆ ಎಡವೂ ಇಲ್ಲ ಬಲವೂ ಇಲ್ಲ. ಕೆಲವು ಗಂಟೆಗಳಲ್ಲಿ ಅದರ ಗೋಡೆಯ ಜೀವಕೋಶಗಳು ಒಂದೇ ಕಡೆಗೆ ಓರೆಯಾಗಿ, ಇಡೀ ಕೊಳವೆ ತಿರುಚಿಕೊಳ್ಳುತ್ತದೆ. ಬೆನ್ನಿನ ಕಡೆಯಿಂದ ನೋಡಿದರೆ ಅದು ಬಾಗುವುದು ಬಲಕ್ಕೆ. ಅಕ್ಕ ಒಂದು ಜೀನು ಕೆಡಿಸಿ ಬೆಳೆಸಿದ ನೊಣಗಳಲ್ಲಿ ಅದು ಎಡಕ್ಕೆ ಬಾಗಿತ್ತು. ಇನ್ನೂರ ಹದಿನಾಲ್ಕರಲ್ಲಿ ಇನ್ನೂರ ಹದಿನಾಲ್ಕೂ. ಇಷ್ಟು ಚೊಕ್ಕಟವಾದ ಫಲಿತಾಂಶ ನಾನು ಕಂಡಿಲ್ಲ ಎಂದಿದ್ದರು ಸರ್.

ಆ ಇನ್ನೂರ ಹದಿನಾಲ್ಕನ್ನೂ ಗಾಜಿನ ಮೇಲೆ ಕೂರಿಸಿದವಳು ನಾನು.

ಅಮ್ಮ ಹೊಲಿಗೆಯವಳು. ಆ ಸಂಜೆ ಶಾಲೆಯ ಅಂಗಿಗಳ ರಾಶಿಯ ನಡುವೆ ಕೂತು, ತೋಳು ಕತ್ತರಿಸಿಕೊಡು ಎಂದು ಕಾಗದದ ಅಚ್ಚು ಕೊಟ್ಟಳು. ನಾನು ಬಟ್ಟೆಯ ಮೇಲೆ ಅಚ್ಚಿಟ್ಟು ಎರಡು ತೋಳು ಕತ್ತರಿಸಿದೆ.

"ಮಹರಾಯ್ತಿ, ಎರಡೂ ಬಲಗೈಗೇ ಕತ್ತರಿಸಿದೀಯಲ್ಲೇ. ಎರಡು ಬಲಗೈ ಇರೋ ಮಗುನ ಎಲ್ಲಿಂದ ತರ್ಲಿ?"

"ಮೊದಲು ಇಟ್ಟ ಹಾಗೇ ಇಟ್ಟೆ ಅಮ್ಮ."

"ಹಾಗೇ ಇಟ್ಟಿದ್ದಕ್ಕೇ ಹೀಗಾಗಿದ್ದು. ಅಚ್ಚು ಮಗುಚಿ ಇಟ್ರೆ ಬಲ ಹೋಗಿ ಎಡ ಆಗುತ್ತೆ. ಅಷ್ಟೂ ಗೊತ್ತಾಗಲ್ವಾ, ಇಷ್ಟೆಲ್ಲ ಓದಿ?"

ಅಮ್ಮ ಕಾಗದವನ್ನು ಮಗುಚಿ ತೋರಿಸಿದಳು. ನಾನು ಕತ್ತರಿ ಕೆಳಗಿಟ್ಟೆ. ಅಮ್ಮ ಮತ್ತೇನೋ ಅಂದಳು, ನನಗೆ ಕೇಳಿಸಲಿಲ್ಲ.

ನಮ್ಮ ವಿಧಾನ ಹೀಗೆ. ಅಗರ್ ಎಂಬ ಗಟ್ಟಿ ಜೆಲ್ಲಿಯ ಮೇಲೆ ಭ್ರೂಣಗಳನ್ನು ಬೆನ್ನು ಮೇಲಾಗಿ ಸಾಲಾಗಿಸಬೇಕು. ಅಂಟು ಸವರಿದ ತೆಳು ಗಾಜಿನ ಚೂರನ್ನು ಮೇಲಿಂದ ಒತ್ತಿ, ಅವನ್ನು ಎತ್ತಿ, ಹಾಗೇ ಸ್ಲೈಡು ಎಂಬ ದಪ್ಪ ಗಾಜಿನ ಪಟ್ಟಿಯ ಮೇಲಿಡಬೇಕು. ಬೆನ್ನು ಮೇಲೇ ಉಳಿಯುತ್ತದೆ. ಸಾಮಾನ್ಯ ನೊಣಗಳನ್ನು ಹಾಗೆಯೇ ಮಾಡಿದ್ದೆ. ಅಕ್ಕನ ನೊಣಗಳ ಸರದಿ ಬರುವ ಹೊತ್ತಿಗೆ ತೆಳು ಗಾಜಿನ ಡಬ್ಬಿ ಕಳಪೆಯದು ಬಂದಿತ್ತು, ಒತ್ತಿದರೆ ಒಡೆಯುತ್ತಿತ್ತು. ಅದಕ್ಕೆ ಸ್ಲೈಡಿಗೇ ಅಂಟು ಸವರಿ, ಒತ್ತಿ ಎತ್ತಿ, ತಿರುಗಿಸಿ ಮೇಜಿನ ಮೇಲಿಟ್ಟೆ. ಆಗ ಬೆನ್ನು ಕೆಳಗಾಗಿ ಹೊಟ್ಟೆ ಮೇಲಾಗುತ್ತದೆ. ಹೊಟ್ಟೆಯ ಕಡೆಯಿಂದ ನೋಡಿದರೆ ಬಲಕ್ಕೆ ಬಾಗಿದ್ದು ಎಡಕ್ಕೆ ಕಾಣುತ್ತದೆ. ನನ್ನ ನೋಟ್‌ಬುಕ್ಕಿನಲ್ಲಿ ಪ್ರತಿ ಸಾಲಿನಲ್ಲೂ "ಬೆನ್ನು ಮೇಲೆ" ಎಂದು ಬರೆದಿದ್ದೆ. ಸುಳ್ಳು ಬರೆದವಳಲ್ಲ ನಾನು. ಜೆಲ್ಲಿಯ ಮೇಲೆ ಇಟ್ಟಾಗ ಬೆನ್ನು ಮೇಲೇ ಇತ್ತು.

ಮರುದಿನ ಎಲ್ಲರಿಗಿಂತ ಮುಂಚೆ ಹೋಗಿ, ಇಪ್ಪತ್ತು ಸಾಮಾನ್ಯ ಭ್ರೂಣಗಳನ್ನು ಸ್ಲೈಡಿನಿಂದಲೇ ಎತ್ತಿ ನೋಡಿದೆ. ಇಪ್ಪತ್ತೂ ಎಡಕ್ಕೆ ಬಾಗಿ ಕಂಡವು. ಆ ಸ್ಲೈಡನ್ನು ಒರೆಸಿಹಾಕಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಒರೆಸಲಿಲ್ಲ ಎಂಬುದನ್ನು ನನ್ನ ಒಳ್ಳೆಯತನ ಎಂದು ಹೇಳಿಕೊಳ್ಳಲಾರೆ. ಅಷ್ಟರಲ್ಲಿ ಅಕ್ಕ ಬಾಗಿಲಲ್ಲಿದ್ದರು.

"ಏನೇ ಇಷ್ಟು ಬೇಗ? ಮನೇಲಿ ಅಮ್ಮ ಓಡಿಸಿದ್ರಾ?" ಎನ್ನುತ್ತ ಬಂದು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರು. "ಚೆನ್ನಾಗಿ ಬಂದಿವೆ. ನನ್ನ ನೊಣಗಳು ತಾನೆ?"

"ಅಲ್ಲ ಅಕ್ಕ. ಸಾಮಾನ್ಯದವು."

ಅವರು ಕಣ್ಣು ತೆಗೆಯಲಿಲ್ಲ. ನಾನು ಎಲ್ಲ ಹೇಳಿದೆ.

"ಹೇಗೆ ಎತ್ತುತ್ತೀಯ, ತೋರಿಸು," ಎಂದರು ಕೊನೆಗೆ.

ಖಾಲಿ ಸ್ಲೈಡಿನಲ್ಲಿ ತೋರಿಸಿದೆ. ಅವರು ತಮ್ಮ ಅಂಗೈಯನ್ನು ಒಮ್ಮೆ ಮಗುಚಿದರು, ಮತ್ತೊಮ್ಮೆ ಮಗುಚಿದರು.

"ಸ್ಲೈಡಿಗೇ ಅಂಟಿಸ್ತಿದೀನಿ ಅಂತ ನೀನು ಅಂದಿದ್ದೆ. ನಾನು ಹ್ಞೂಂ ಅಂದಿದ್ದೆ, ಅಲ್ವಾ?"

"ಅಂದಿದ್ರಿ ಅಂತ ನೆನಪು. ಸರಿಯಾಗಿ ಗೊತ್ತಿಲ್ಲ ಅಕ್ಕ."

"ಅಂದಿದ್ದೆ. ನನ್ನವು ಬಣ್ಣ ಹಾಕಿ ಇನ್ನೂ ಕೂರಿಸದೆ ಇಟ್ಟಿದ್ದು ಎಷ್ಟಿವೆ?"

"ತೊಂಬತ್ತು."

"ಎಲ್ಲಾನೂ ಸರಿಯಾಗಿ ಕೂರಿಸು. ಕೆಲವಾದ್ರೂ ಎಡಕ್ಕಿರಬಹುದು. ಒಂದು ಹತ್ತಿದ್ರೂ ಏನಾದ್ರೂ ಬರೀಬಹುದು."

ತೆಳು ಗಾಜಿನ ಹೊಸ ಡಬ್ಬಿ ಬಂದಿತ್ತು. ಬಲಗಣ್ಣಿನ ರೆಪ್ಪೆ ಸಾಲದೆ ಎಡಗಣ್ಣಿನದು ಕಿತ್ತೆ. ಮಧ್ಯಾಹ್ನದ ಹೊತ್ತಿಗೆ ಎಲ್ಲ ಸಿದ್ಧವಾದವು. ಅಕ್ಕ ನೋಡುತ್ತ ಹೇಳಿದರು, ನಾನು ಬರೆದುಕೊಂಡೆ. ಬಲ. ಬಲ. ಬಲ. ಅವರ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. ಅರವತ್ತೇಳನೆಯದಕ್ಕೆ ನಿಂತರು.

"ರೆಪ್ಪೆ, ಬಾ ಇಲ್ಲಿ."

ನೋಡಿದೆ. ಎಡಕ್ಕೆ ಬಾಗಿತ್ತು. ಫೋಕಸ್ ಮೆಲ್ಲನೆ ತಿರುಗಿಸಿದೆ. ಮೇಲುಗಡೆಯೇ ಮಸುಕಾಗಿ ನರದ ಹುರಿ ಕಂಡಿತು. ಅದು ಇರುವುದು ಹೊಟ್ಟೆಯ ಕಡೆ. ಈ ಒಂದಕ್ಕೆ ಅಂಟು ಹಿಡಿಯದೆ ಹೊರಳಿಕೊಂಡಿತ್ತು. ಹುಡುಕಿದವರಿಗೆ ಮಾತ್ರ ಕಾಣುವ ಹುರಿ ಅದು. ಆ ಇನ್ನೂರ ಹದಿನಾಲ್ಕರಲ್ಲೂ ಹೀಗೇ ಇದ್ದಿರಬೇಕು. ನಾವಿಬ್ಬರೂ ಹುಡುಕಿರಲಿಲ್ಲ.

"ಅಕ್ಕ, ಇದು..."

"ಗೊತ್ತು. ಹೇಳ್ಬೇಡ." ಅವರು ಮತ್ತೆ ಕಣ್ಣಿಟ್ಟು ಬಹಳ ಹೊತ್ತು ನೋಡಿದರು. "ಬಲ ಅಂತ ಬರ್ಕೋ."

ಉಳಿದ ಇಪ್ಪತ್ತಮೂರನ್ನೂ ಬಿಡದೆ ನೋಡಿದರು. ಎಲ್ಲವೂ ಬಲ.

ಸರ್ ಕೋಣೆಯಿಂದ ಅವರು ಹತ್ತೇ ನಿಮಿಷದಲ್ಲಿ ಹೊರಬಂದರು.

"ತಪ್ಪು ನನ್ನದು ಅಂದೆ," ಎಂದರು.

"ನನ್ನದಲ್ವಾ ಅಕ್ಕ?"

"ನಿನ್ನದೂ ಹೌದು." ಬಯ್ದ ಹಾಗೂ ಇರಲಿಲ್ಲ, ಕ್ಷಮಿಸಿದ ಹಾಗೂ ಇರಲಿಲ್ಲ. ಮೇಜಿನ ಡ್ರಾಯರ್ ಖಾಲಿ ಮಾಡಿ ಒಂದು ಚೀಲಕ್ಕೆ ತುಂಬಿಕೊಂಡರು. ಬಾಗಿಲ ಬಳಿ ತಿರುಗಿ, "ನನ್ನ ನೊಣಗಳನ್ನ ಫ್ರೀಜರಿಗೆ ಹಾಕಿಬಿಡು. ಸುಮ್ನೆ ಯಾಕೆ ಆಹಾರ ದಂಡ," ಎಂದರು. ಆಮೇಲೆ ಅವರು ಬರಲಿಲ್ಲ. ನಾನು ಎರಡು ಸಲ ಫೋನ್ ಮಾಡಿದೆ. ಮೂರನೆಯ ಸಲ ಮಾಡಲು ಧೈರ್ಯವಾಗಲಿಲ್ಲ.

ಇಪ್ಪತ್ತೆರಡು ಸೀಸೆಗಳಿದ್ದವು. ಪ್ರತಿಯೊಂದರ ಮೇಲೂ ಅಕ್ಕನ ಅಕ್ಷರದಲ್ಲಿ "ಎಡ" ಎಂದಿತ್ತು. ಫ್ರೀಜರಿನಲ್ಲಿ ನೊಣಗಳು ಮೊದಲು ಗಾಜು ಹತ್ತಿದವು, ಆಮೇಲೆ ನಿಧಾನವಾಗಿ ಒಂದೊಂದೇ ಜಾರಿ ತಳಕ್ಕೆ ಬಿದ್ದವು. ಬಾಗಿಲು ತೆರೆದುಕೊಂಡೇ ನಿಂತಿದ್ದೆನೆಂದು ಯಾರೋ ಗದರಿದರು.

ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಭ್ರೂಣಗಳನ್ನು ಮಾತ್ರ ಕೊಡುವುದಿಲ್ಲ, ಸೀಸೆ ತೊಳೆಯುತ್ತೇನೆ. ಮೊನ್ನೆ ಅಮ್ಮ ಸೂಜಿಗೆ ದಾರ ಪೋಣಿಸಲು ಕೊಟ್ಟು, ನನ್ನ ಮುಖವನ್ನೇ ನೋಡುತ್ತ ಕೂತಳು.

"ರೆಪ್ಪೆ ಎಲ್ಲಾ ಮತ್ತೆ ಬಂದಿದೆ ಕಣೇ. ಈಗ ಕಣ್ಣು ಲಕ್ಷಣವಾಗಿ ಕಾಣುತ್ತೆ," ಎಂದಳು.