ಸಣ್ಣ ಉರಿಯ ಕಾವಲು

ಕ್ಯಾರೆಟ್ಟಿಗೆ ಚಾಕು ಚುಚ್ಚಿ ನೋಡಿದ ಕಿಡಿ ಹಲ್ಲು ಕಡಿದಳು. ಮತ್ತೆ ಹಸಿ. ಬದನೆಕಾಯಿ ಸ್ಪಂಜಿನ ಹಾಗಿತ್ತು. ಕುಂಬಳದ ಹೋಳುಗಳು ಎಣ್ಣೆ ಹಚ್ಚಿಕೊಂಡು ಹಾಯಾಗಿ ಮಲಗಿದ್ದವು. ಓವನ್ನಿನ ಒಳಗೆ ಕೈಯಿಟ್ಟರೆ ಬೆಚ್ಚಗೂ ಇರಲಿಲ್ಲ, ಗೋಡೆಯ ಸ್ವಿಚ್ಚು ಆಫ್ ಆಗಿತ್ತು.

"ಅಪ್ಪಾ! ಮತ್ತೆ ಆಫ್ ಮಾಡಿದ್ಯಾ?"

"ಕರೆಂಟ್ ಹೋಗಿರ್ಬೇಕು," ಎಂದರು ಅಪ್ಪ, ಹಾಲಿನಿಂದ.

"ನಿನ್ನ ತಲೆ ಮೇಲೆ ಫ್ಯಾನ್ ತಿರುಗ್ತಾ ಇದೆಯಲ್ಲ!"

ಅಪ್ಪ ಪೇಪರಿನಿಂದ ತಲೆಯೆತ್ತಿ, ಫ್ಯಾನೇ ತಮಗೆ ಕೈಕೊಟ್ಟಿತೆಂಬಂತೆ ಅದನ್ನು ದುರುಗುಟ್ಟಿಕೊಂಡು ನೋಡಿದರು.

ಅವರು ಅಗ್ನಿಶಾಮಕ ದಳದಲ್ಲಿದ್ದವರು. ಠಾಣೆಯ ಅಂಗಳದಲ್ಲಿ ಕೆಂಪು ಗಾಡಿಯ ಏಣಿ ಹತ್ತಿ ಇಳಿಯುತ್ತಿದ್ದ ಅವರ ಪುಟ್ಟ ಮಗಳಿಗೆ ಅಲ್ಲಿಯವರೇ ಕಿಡಿ ಎಂದು ಹೆಸರಿಟ್ಟಿದ್ದರು. ಈಗ ಅವಳ ತಲೆಯಲ್ಲೇ ಬಿಳಿಕೂದಲು ಇಣುಕುತ್ತಿದೆ, ಹೆಸರು ಮಾತ್ರ ಬಿಟ್ಟುಹೋಗಿಲ್ಲ. ಅಪ್ಪ ನಿವೃತ್ತರಾಗಿ ಎಷ್ಟೋ ವರ್ಷವಾಯಿತು. ಕೆಲಸ ಅವರನ್ನು ಬಿಟ್ಟಿದೆಯೇ ಹೊರತು ಅವರು ಕೆಲಸವನ್ನು ಬಿಟ್ಟಿಲ್ಲ. ಎದುರಿಗೆ ಕಾವಲಿಗೆ ಯಾರೂ ಇಲ್ಲದೆ ಉರಿಯುವ ಏನನ್ನು ಕಂಡರೂ ಆರಿಸಿಬಿಡುವುದು ಅವರ ಪಾಲಿಗೆ ಉಸಿರಾಡಿದಷ್ಟೇ ಸಹಜ. ಒಮ್ಮೆಯಂತೂ ಓವನ್ನಿನ ಮೇಲೆ ಒದ್ದೆ ಗೋಣಿಚೀಲ ಹೊದಿಸಿಟ್ಟಿದ್ದರು.

ಕಿಡಿಯದು ಆಸ್ಪತ್ರೆಯ ಬಟ್ಟೆ ವಿಭಾಗದಲ್ಲಿ ಕೆಲಸ. ಹಬೆ ಕಾರುವ ಇಸ್ತ್ರಿ ಯಂತ್ರದ ಮುಂದೆ ನಿಂತು ಹಾಸಿಗೆ ಬಟ್ಟೆಗಳನ್ನು ಎಳೆದೆಳೆದು ಮಡಿಸಿ ಸಂಜೆ ಮನೆ ಸೇರಿದರೆ, ಇನ್ನೊಂದು ಬೆಂಕಿಯ ಮುಂದೆ ನಿಲ್ಲಲು ಕಾಲು ಒಪ್ಪುತ್ತಿರಲಿಲ್ಲ. ಜೊತೆಯ ಕೆಲಸದಾಕೆಯೊಬ್ಬಳ ಮನೆಯಲ್ಲಿ ಈ ಊಟ ಉಂಡ ಮೇಲೆ ಅವಳಿಗೆ ದಾರಿ ಸಿಕ್ಕಂತಾಗಿತ್ತು. ಮನೆಯಲ್ಲಿದ್ದ ತರಕಾರಿಯನ್ನು ದಪ್ಪದಪ್ಪ ಹೆಚ್ಚಿ, ಎಣ್ಣೆ, ಉಪ್ಪು, ಮೆಣಸಿನ ಪುಡಿ ಸವರಿ, ನಡುನಡುವೆ ಸಿಪ್ಪೆ ಸಮೇತ ಬೆಳ್ಳುಳ್ಳಿ ಸಿಕ್ಕಿಸಿ, ತಟ್ಟೆಯಲ್ಲಿ ಹರಡಿ ಸಣ್ಣ ಉರಿಯಲ್ಲಿ ಓವನ್ನಿನೊಳಗೆ ಬಿಟ್ಟರಾಯಿತು. ಇವಳು ಸ್ನಾನ ಮಾಡಿ ಬೆನ್ನು ಚಾಚಬಹುದು. ಅಷ್ಟರಲ್ಲಿ ಈರುಳ್ಳಿ ಸಿಹಿಯಾಗಿ, ಟೊಮೆಟೊ ಸುಕ್ಕುಗಟ್ಟಿ, ಕುಂಬಳ ಬೆಣ್ಣೆಯಾಗಿರುತ್ತದೆ. ಬಿಸಿ ಅನ್ನದ ಮೇಲೆ ಸುರಿದುಕೊಂಡರೆ ಊಟ ಮುಗಿಯಿತು. ಅವಳೇನು ಅರಮನೆ ಕೇಳಿರಲಿಲ್ಲ. ಆದರೆ ಇಷ್ಟು ದಿನದಲ್ಲಿ ಒಂದು ಸಲವೂ ತಟ್ಟೆಯಲ್ಲಿದ್ದದ್ದು ಪೂರ್ತಿ ಬೆಂದಿರಲಿಲ್ಲ.

"ಗಂಟೆಗಟ್ಟಲೆ ಉರಿಸೋದು ಅಂದ್ರೇನೇ?" ಅಪ್ಪ ಅಡುಗೆಮನೆ ಬಾಗಿಲಿಗೆ ಬಂದು ನಿಂತರು. "ನಮ್ಮ ಠಾಣೇಲಿ ಅದಕ್ಕೆ ಅಡುಗೆ ಅಂತಿರ್ಲಿಲ್ಲ, ಗಾಡಿ ತೆಗೀರಿ ಅಂತಿದ್ವಿ."

"ಅದು ಪೆಟ್ಟಿಗೆ ಒಳಗಿರುತ್ತೆ ಅಪ್ಪ."

"ಎಲ್ಲಾ ಬೆಂಕಿನೂ ಮೊದ್ಲು ಯಾವುದಾದ್ರೂ ಒಂದರ ಒಳಗೇ ಇರುತ್ತೆ. ಅದೂ ಅಲ್ದೆ ನೀನು ಹೋಗಿ ಮಲಗ್ತೀಯ."

"ಸ್ವಲ್ಪ ಹೊತ್ತು ಕಣ್ಣು ಮುಚ್ಕೋತೀನಿ ಅಷ್ಟೇ."

"ಬರೀ ಕಣ್ಣು ಮುಚ್ಕೊಂಡೋರು ಗೊರಕೆ ಹೊಡೆಯಲ್ಲ."

ಕಿಡಿಗೆ ಪಿತ್ತ ನೆತ್ತಿಗೇರಿತು. ಚಾಕುವನ್ನು ಸಿಂಕಿಗೆ ಎಸೆದಳು. "ದುಡಿದು ಸತ್ತು ಬಂದ್ರೆ ನನ್ನ ಮನೇಲಿ ಒಂದು ಬೆಂದ ಕ್ಯಾರೆಟ್ ತಿನ್ನೋ ಯೋಗ ಇಲ್ಲ ನಂಗೆ! ಅಣ್ಣ ಕರೀತಾನೇ ಇದ್ದಾನಲ್ಲ, ಹೋಗಿ ಅಲ್ಲಿರು. ಅತ್ತಿಗೆ ಒಲೆ ಹಚ್ಚೋದೇ ಅಪರೂಪ. ಆರಿಸೋಕೆ ಅಲ್ಲೇನೂ ಇರಲ್ಲ."

ಆಡಿದ ಮಾತು ಅವಳಿಗೇ ಅತಿಯಾಯಿತೆನಿಸಿತು. ಅಣ್ಣನ ಮನೆ ಎಂದರೆ ಅಪ್ಪನಿಗೆ ಆಗಿಬರುವುದಿಲ್ಲ. ಅಲ್ಲಿ ಅವರು ನೆಂಟರ ಹಾಗೆ ಸೋಫಾದ ತುದಿಯಲ್ಲಿ ಕೂತಿರುತ್ತಾರೆ. ಅಪ್ಪ ಕೈಯಲ್ಲಿದ್ದ ಪೇಪರನ್ನು ಮಡಿಸಿ, ಮತ್ತೆ ಮಡಿಸಿ, ಅಂಗೈಯಷ್ಟು ಮಾಡಿದರು.

"ರಜಾ ದಿನ ಇನ್ನೊಂದು ಸಲ ಇಡು. ನಾನೇ ಮುಂದೆ ಕೂತು ಕಾಯ್ತೀನಿ, ಆರಿಸಲ್ಲ. ನನ್ನ ಕಾವಲಲ್ಲಿ ಏನಾದ್ರೂ ಸುಟ್ಟುಹೋದ್ರೆ ನೀನು ಹೇಳೋದೇ ಬೇಡ, ನಾನೇ ನಿನ್ನ ಅಣ್ಣನ ಮನೆಗೆ ಹೋಗ್ತೀನಿ."

ಅಪ್ಪ ಇಲ್ಲದ ಮನೆ ಎಷ್ಟು ಸುಖವಾಗಿರುತ್ತದೆ ಎಂದು ಕಿಡಿ ಇಸ್ತ್ರಿ ಯಂತ್ರದ ಮುಂದೆ ನಿಂತು ದಿನವೂ ಮನಸ್ಸಿನಲ್ಲೇ ಮಂಡಿಗೆ ತಿಂದಳು. ತಟ್ಟೆ ತುಂಬ ಬೆಂದ ತರಕಾರಿ, ಯಾರ ಕಿರಿಕಿರಿಯೂ ಇಲ್ಲ. ಹಾಗೆಂದುಕೊಂಡಾಗಲೆಲ್ಲ ತನ್ನ ಮೇಲೆಯೇ ಸಿಟ್ಟು ಬರುತ್ತಿತ್ತು, ಆಮೇಲೆ ಅದಕ್ಕೂ ಅಪ್ಪನೇ ಕಾರಣವೆಂದು ಅವರ ಮೇಲೆ ಇನ್ನಷ್ಟು ಬರುತ್ತಿತ್ತು.

ರಜಾ ದಿನ ಮಧ್ಯಾಹ್ನ ಅವಳು ತಟ್ಟೆ ಒಳಗಿಟ್ಟು ಉರಿ ಸಣ್ಣಗೆ ಮಾಡಿದಳು. ಅಪ್ಪ ಬೂಟು ಹಾಕಿಕೊಂಡು ಬಂದರು. ಓವನ್ನಿನ ಮುಂದೆ ಕುರ್ಚಿ, ಕುರ್ಚಿಯ ಪಕ್ಕ ಒಂದು ಬಕೆಟ್ ಮರಳು.

"ತರಕಾರಿಗೆ ಇಷ್ಟೆಲ್ಲಾ ಬೇಕಾ?"

"ನೀನು ಹೋಗಿ ಮಲಗು. ಡ್ಯೂಟೀಲಿ ಇರೋರ ಹತ್ರ ಮಾತಾಡ್ಬಾರ್ದು."

ಅವಳು ಮುಖ ಊದಿಸಿಕೊಂಡು ಹೋಗಿ ಮಲಗಿದಳು. ಅವಳಿಗೆ ಎಚ್ಚರವಾದದ್ದು ಸೀದ ವಾಸನೆಗೇ.

ಅಡುಗೆಮನೆಯಲ್ಲಿ ತೆಳ್ಳಗೆ ಹೊಗೆ ಆಡುತ್ತಿತ್ತು. ಕಿಟಕಿಯ ಬಿಸಿಲು ಆಗಲೇ ಜಾರಿಹೋಗಿತ್ತು. ಅಪ್ಪ ಗದ್ದವನ್ನು ಎದೆಗಿಟ್ಟು ಸಣ್ಣಗೆ ಗೊರಕೆ ಹೊಡೆಯುತ್ತಿದ್ದರು. ಸಣ್ಣ ಉರಿಯೇ ಆದರೂ ಕೇಳುವವರಿಲ್ಲದೆ ಅದು ತನ್ನ ಕೆಲಸ ಮುಂದುವರಿಸಿತ್ತು. ಕಿಡಿ ಸ್ವಿಚ್ಚು ಆರಿಸಿ ಬಾಗಿಲು ತೆಗೆದಳು. ತಟ್ಟೆಯೆಲ್ಲ ಕರ್ರಗೆ ಇದ್ದಿಲು.

ಬಾಗಿಲಿನ ಸದ್ದಿಗೆ ಅಪ್ಪ ಕಣ್ಣು ಬಿಟ್ಟರು. ತಟ್ಟೆ ನೋಡಿದರು, ಕಿಟಕಿ ನೋಡಿದರು.

"ಮಲಗಿಬಿಟ್ಟೆ," ಎಂದರು. "ಇಡೀ ಸರ್ವೀಸಲ್ಲಿ ನಾನು ಕಾವಲಿಗೆ ಕೂತು ತೂಕಡಿಸಿದವನಲ್ಲ ಕಣೇ. ಹೊಗೆ ಮೂಗಿಗೆ ಬಂದಿದೆ, ನಂಗೆ ಗೊತ್ತೇ ಆಗಿಲ್ಲ."

ಅವರು ಏಳಲು ಹೋಗಿ ಮತ್ತೆ ಕೂತರು. "ಅಣ್ಣಂಗೆ ಫೋನ್ ಮಾಡು. ನಾನಿನ್ನು ಯಾವುದಕ್ಕೂ ಆಗಲ್ಲ."

ಬೇಕೆಂದದ್ದು ತಾನಾಗಿಯೇ ಕೈಗೆ ಬಂದಿತ್ತು. ಫೋನು ಮೇಜಿನ ಮೇಲೆಯೇ ಇತ್ತು. ಕಿಡಿಗೆ ಅಳು ಬರುವಷ್ಟು ಸಿಟ್ಟು ಬಂತು. ಸುಟ್ಟ ಕ್ಯಾರೆಟ್ಟಿನ ಮೇಲೆ, ಆ ಬೂಟಿನ ಮೇಲೆ, ಹೇಳದೆ ಕೇಳದೆ ಅಪ್ಪನ ಮೈಮೇಲೆ ಬಂದು ಕೂತ ಮುಪ್ಪಿನ ಮೇಲೆ.

"ನೀನು ಮಲಗಿದ್ದಕ್ಕಲ್ಲ ಸುಟ್ಟಿದ್ದು," ಎಂದಳು ಒರಟಾಗಿ. "ನಾನೇ ಮಧ್ಯ ಎದ್ದು ಬಂದು ಉರಿ ಜಾಸ್ತಿ ಮಾಡ್ದೆ. ಹಸಿವಾಗಿತ್ತು, ಬೇಗ ಆಗ್ಲಿ ಅಂತ."

ಅಪ್ಪ ನಿಧಾನವಾಗಿ ತಲೆಯೆತ್ತಿದರು. "ಜಾಸ್ತಿ ಮಾಡಿ?"

"ಹೋಗಿ ಮಲಗ್ದೆ."

"ನನ್ನ ಎಬ್ಬಿಸದೆ?"

"ಹ್ಞೂಂ."

ಬಾಗಿದ್ದ ಬೆನ್ನು ಸ್ವಲ್ಪ ಸ್ವಲ್ಪವೇ ನೆಟ್ಟಗಾಯಿತು. ಅಪ್ಪ ಎದ್ದು ನಿಂತರು. ಆಮೇಲೆ ಶುರುವಾಯಿತು ನೋಡಿ ಬೈಗುಳ. ಅವಳ ಬುದ್ಧಿ, ಅವಳ ಅವಸರ, ಚಿಕ್ಕಂದಿನಲ್ಲಿ ಪರದೆಗೆ ದೀಪ ಹಿಡಿದದ್ದು, ಯಾವುದನ್ನೂ ಬಿಡಲಿಲ್ಲ. ಅವರ ದನಿ ಪಕ್ಕದ ಮನೆಗೂ ಕೇಳಿಸುವಂತಿತ್ತು.

"ಇನ್ಮೇಲೆ ಈ ಸ್ವಿಚ್ಚು ನನ್ನ ಜವಾಬ್ದಾರಿ. ನಾನು ಆರಿಸೋ ಹೊತ್ತಿಗೆ ಎಷ್ಟು ಬೆಂದಿರುತ್ತೋ ಅಷ್ಟೇ ತಿನ್ಬೇಕು. ಎದುರುತ್ತರ ಕೊಡೋ ಹಾಗಿಲ್ಲ. ಗೊತ್ತಾಯ್ತಾ?"

"ಗೊತ್ತಾಯ್ತು."

ಅವಳು ಒಂದು ಕುಂಬಳದ ಹೋಳಿನ ಕರಿಯನ್ನು ಕೆರೆದು, ಒಳಗೆ ಉಳಿದಿದ್ದ ಒಂದು ತುತ್ತನ್ನು ಬಾಯಿಗಿಟ್ಟುಕೊಂಡಳು. ಬೆಣ್ಣೆಯ ಹಾಗೆ ಬೆಂದಿತ್ತು. ಇನ್ನು ಈ ಮನೆಯಲ್ಲಿ ಇಂಥದ್ದು ಸಿಗುವುದಿಲ್ಲವೆಂದು ಅವಳಿಗೆ ತಿಳಿದಿತ್ತು. ಅದನ್ನು ಆದಷ್ಟು ನಿಧಾನವಾಗಿ ಅಗಿದಳು, ಅಪ್ಪ ಇನ್ನೂ ಬೈಯುತ್ತಲೇ ಇದ್ದರು.