ನೀರಿನ ಮೇಲಿನ ಕೈ

ಕಷ್ಟದಲ್ಲಿ ಭರವಸೆ ಎಂದು ಕರಿಹಲಗೆಯ ಮೇಲೆ ಬರೆದ ಅಕ್ಷರಗಳು ಆಗಲೇ ಕೆಳಗೆ ಜಾರುತ್ತಿವೆ, ಸೀಮೆಸುಣ್ಣಕ್ಕೂ ತೇವ ಹಿಡಿದಿದೆ, ಜುಲೈ ತಿಂಗಳಲ್ಲಿ ಈ ಗುಡ್ಡದ ಮೇಲೆ ಒಣಗಿದ್ದು ಅಂತ ಏನಿದೆ, ಬೋಧಕರ ಗಂಟಲೊಂದು ಬಿಟ್ಟರೆ — ಎಂದು ಝುವಾಲ ತನ್ನನ್ನೇ ಹಂಗಿಸಿಕೊಂಡು ಕೈ ಒರೆಸಿಕೊಂಡ, ನಲವತ್ತು ಜನ ಕೂತಿದ್ದಾರೆ, ಮಿಜೋರಾಮಿನ ನಲವತ್ತು ಹಳ್ಳಿಗಳ ಕ್ರೈಸ್ತ ಸಭೆಗಳು ಮುಂದಾಳಾಗಿ ಬನ್ನಿ ಎಂದು ತರಬೇತಿಗೆ ಕಳಿಸಿದವರು, ಹನ್ನೊಂದು ವರ್ಷದಿಂದ ಪ್ರತಿ ಮಳೆಗಾಲವೂ ಹೀಗೇ ಕೂರುತ್ತಾರೆ, ಅವನು ಇದೇ ಪಾಠ ಹೇಳುತ್ತಾನೆ, ಆದರೆ ಈ ಸಲ ಮೂರನೆಯ ಬೆಂಚಿನ ತುದಿಯಲ್ಲಿ ಬಿಯಾಕಿ ಇದ್ದಾಳೆ, ಥಂಗ್‌ಕಿಮನ ಹೆಂಡತಿ, ವಿಧವೆ ಎನ್ನಲು ಅವನಿಗೆ ಇವತ್ತಿಗೂ ನಾಲಿಗೆ ಏಳುವುದಿಲ್ಲ, ಹೆಂಗಸರ ಸಂಘದ ಮುಂದಾಳಾಗಿ ಬಂದಿದ್ದಾಳೆ, ಕೆಂಪು ಪಟ್ಟೆಯ ಪುವಾನ್ ಉಟ್ಟು, ಮಡಿಲಲ್ಲಿ ನೋಟ್ ಪುಸ್ತಕ ಇಟ್ಟುಕೊಂಡು ಶಾಲೆಯ ಹುಡುಗಿಯ ಹಾಗೆ ನೆಟ್ಟಗೆ ಕೂತಿದ್ದಾಳೆ, ಮತ್ತು ಆ ಪಾಠದಲ್ಲಿ ಇರುವುದು ಅವಳ ಗಂಡ, ನೀರು, ನೀರಿನ ಮೇಲೆ ಒಂದು ಕೈ, ಐದೂ ಬೆರಳು ಅಗಲಿಸಿಕೊಂಡು.

ಪು, ಬರೀ ಚಹಾ ಕುಡ್ಕೊಂಡು ಎಷ್ಟು ದಿನ ಇರ್ತೀರಿ, ನಮ್ಮೂರಿಗೆ ಬನ್ನಿ, ಹೊಗೆಗಿಟ್ಟ ಹಂದಿ ತಿನ್ನಿಸಿ ನಿಮಗೇ ತರಬೇತಿ ಕೊಡ್ತೀನಿ — ಬೆಳಿಗ್ಗೆ ಚಹಾದ ಹೊತ್ತಿನಲ್ಲಿ ಬಿಯಾಕಿ ನಗುತ್ತಾ ಅಂದಳು, ಅವಳಿಗೆ ಅವನು ಪು, ಅವನಿಗೆ ಅವಳು ಪಿ, ಇಲ್ಲಿನ ಮರ್ಯಾದೆಯ ಕರೆ, ಅವನೂ ನಕ್ಕ, ನಗು ಹಲ್ಲಿನಿಂದ ಒಳಕ್ಕೆ ಹೋಗಲಿಲ್ಲ, ಆಮೇಲೆ ದನಿ ತಗ್ಗಿಸಿ ಅಂದಳು, ಅನ್ನಕ್ಕಿಡೋ ಮುಂಚೆ ದೇವರ ಪಾಲು ಅಂತ ಹಿಡಿ ಅಕ್ಕಿ ತೆಗೆದಿಡ್ತೀವಲ್ಲ ಪು, ದಿನಾ ಎರಡು ಹೊತ್ತೂ ಅವರ ಆ ಕೈ ನೆನೆಸ್ಕೋತೀನಿ, ಮುಳುಗುವಾಗಲೂ ಕೈ ಎತ್ತಿ ಸ್ತುತಿಸಿದೋರು, ಆ ಕೈ ಇಲ್ದಿದ್ರೆ ನಾನು ಯಾವತ್ತೋ ಹುಚ್ಚಿ ಆಗಿರ್ತಿದ್ದೆ. ಅವನು ಲೋಟದ ತಳ ನೋಡಿದ, ತಳದಲ್ಲಿ ಚಹಾಸೊಪ್ಪು, ಅವಳು ನಿಲ್ಲಿಸಲಿಲ್ಲ, ನಮ್ಮ ಹುಡುಗ ಮೋಯನಿಗೆ ಈಗ ಇಪ್ಪತ್ತಮೂರು ಪು, ಅಪ್ಪನ ಥರಾನೇ ಸುವಾರ್ತೆ ಕೆಲಸಕ್ಕೆ ಹೊರಟಿದ್ದಾನೆ, ನಾಳೆ ಬೆಳಿಗ್ಗೆ ಅವರು ಮುಳುಗಿದ ಅದೇ ಕಡವು ದಾಟ್ತಾನಂತೆ, ನೀರು ಏರಿದೆ ಕಣೋ ಅಂದ್ರೆ, ನೀರಿಳೀಲಿ ಅಂತ ಕೂತೋನು ಯಾವತ್ತೂ ದಾಟಲ್ಲ, ಪು ಝುವಾಲ ಹೇಳಿದ್ದು ಮರೆತ್ಯಾ ಅಮ್ಮಾ ಅಂತ ನನಗೇ ಪಾಠ ಹೇಳ್ತಾನೆ, ನಾನು ತಡೀಲಿಲ್ಲ, ತಡೆಯೋದು ನಂಬಿಕೆ ಇಲ್ದೋರ ಕೆಲಸ ಅಲ್ವಾ ಪು? ಅವನು ತಲೆಯಾಡಿಸಿದ, ಹೌದು ಅಂತಲೋ ಅಲ್ಲ ಅಂತಲೋ ಅವನಿಗೇ ಗೊತ್ತಿಲ್ಲ, ಅವಳು ಹೌದು ಅಂತಲೇ ತಿಳಿದುಕೊಂಡು ಲೋಟ ತೊಳೆಯಲು ಹೋದಳು.

ನೀರಿಳಿಯಲಿ ಅಂತ ಕೂತವನು — ಆ ಮಾತು ಅವನದೇ, ಪಾಠಕ್ಕೆಂದು ಹುಟ್ಟಿದ್ದಲ್ಲ, ಹನ್ನೊಂದು ವರ್ಷದ ಹಿಂದೆ ಕಡವಿನಲ್ಲಿ ಥಂಗ್‌ಕಿಮನನ್ನು ಚುಚ್ಚಲು ಆಡಿದ್ದು, ಎರಡು ದಿನ ತಡಿ ಝುವಾಲ, ತೆಪ್ಪದವನೂ ಬೇಡ ಅಂತಿದ್ದಾನೆ ಎಂದಿದ್ದ ಥಂಗ್‌ಕಿಮ, ಭಾನುವಾರ ಆಚೆ ದಡದ ಹೊಸ ಚರ್ಚಿನ ಪ್ರತಿಷ್ಠೆ, ಚೀಲದಲ್ಲಿ ಮೂವತ್ತು ಹಾಡಿನ ಪುಸ್ತಕ, ಇನ್ನೂ ಅಂಟಿನ ವಾಸನೆ ಹೋಗದವು, ಹೆದರುಪುಕ್ಕಲ ಎಂದೂ ತಾನು ಅಂದಿದ್ದನಲ್ಲವೇ, ಅಂದಿದ್ದ, ಥಂಗ್‌ಕಿಮ ತೆಪ್ಪ ಹತ್ತಿದ, ನಡುನೀರಿನಲ್ಲಿ ತೆಪ್ಪ ಬಂಡೆಗೆ ಬಡಿದು ಬಿಚ್ಚಿಹೋಯಿತು, ಝುವಾಲನ ಒಂದು ತೋಳಿಗೆ ಬಂಡೆಯ ಸಂದಿಗೆ ಸಿಕ್ಕ ಬಿದಿರು ಸಿಕ್ಕಿತು, ಇನ್ನೊಂದು ತೋಳಿನಲ್ಲಿ ಚೀಲ, ಥಂಗ್‌ಕಿಮ ಪಕ್ಕದಲ್ಲೇ ತೇಲಿ ಬಂದ, ಒಂದು ಮಾರು ದೂರವೂ ಇಲ್ಲ, ಚೀಲ ಬಿಡೋ ಝುವಾಲ — ಅಷ್ಟೇ ಅಂದದ್ದು, ದೇವರ ಪುಸ್ತಕ ನೀರಿಗೆ ಬಿಡುವುದೇ ಎಂದು ತೋಳು ಬಿಗಿಯಿತು, ಯೋಚಿಸಿ ಬಿಗಿದದ್ದಲ್ಲ, ಹುಟ್ಟಿದಾಗಿನಿಂದ ಕಲಿತ ತೋಳು ತಾನಾಗಿ ಬಿಗಿಯಿತು, ಬಿಡಲು ಎಷ್ಟು ಹೊತ್ತು ಬೇಕಿತ್ತು, ರೆಪ್ಪೆ ಬಡಿಯುವಷ್ಟು, ಆಮೇಲೆ ಮುಖ ಇಲ್ಲ, ಕೈ ಮಾತ್ರ, ಐದು ಬೆರಳು. ದಡದಲ್ಲಿ ಅಳುತ್ತಿದ್ದವರು ಕೇಳಿದರು, ಕೊನೆಗೆ ಏನು ಮಾಡಿದ, ಕೈ ಎತ್ತಿದ ಅಂದ, ಅದು ನಿಜ, ಅಷ್ಟು ಮಾತ್ರ ನಿಜ, ಹಾಗಾದ್ರೆ ಸ್ತುತಿಸ್ತಾನೇ ಹೋದ ಅಂದರು ಸಭೆಯ ಹಿರಿಯರೊಬ್ಬರು, ಬಿಯಾಕಿ ಅಳು ನಿಲ್ಲಿಸಿ ತಲೆಯೆತ್ತಿದಳು, ಆ ಮುಖ ನೋಡಿ ಅವನು ಸುಮ್ಮನಾದ, ಸುಮ್ಮನಾದದ್ದೇ ಸುಳ್ಳಾಯಿತು, ಸುಳ್ಳಿಗೆ ಕೈಕಾಲು ಬಂತು, ಹಳ್ಳಿಯಿಂದ ಹಳ್ಳಿಗೆ ನಡೆಯಿತು, ಎರಡನೆಯ ವರ್ಷ ತರಬೇತಿಯಲ್ಲಿ ಯಾರೋ ಆ ಮಾತಿಗೆ ತಾವೂ ಕೈ ಎತ್ತಿದರು, ಈಗ ಎಲ್ಲರೂ ಎತ್ತುತ್ತಾರೆ, ಪಾಠದ ಪಟ್ಟಿಯಲ್ಲೇ ಅಚ್ಚಾಗಿದೆ, ಇಲ್ಲಿ ಎಲ್ಲರೂ ಬಲಗೈ ಎತ್ತುವುದು. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡು ಹನ್ನೊಂದು ವರ್ಷ, ಉಗುಳಲೂ ಇಲ್ಲ ನುಂಗಲೂ ಇಲ್ಲ, ಭರವಸೆ ಇಡಿ ಎಂದು ಊರಿಗೆಲ್ಲ ಹೇಳಿದವನು ತಾನು ಯಾರನ್ನು ನಂಬಿದ್ದ, ದೇವರನ್ನೇ, ಅಥವಾ ನೀರಿನಿಂದ ಯಾರೂ ಎದ್ದು ಬಂದು ಸಾಕ್ಷಿ ಹೇಳುವುದಿಲ್ಲ ಎಂಬುದನ್ನೇ.

ಬಾಯಿ ಆಗಲೇ ಶುರು ಮಾಡಿಬಿಟ್ಟಿದೆ, ಅದಕ್ಕೆ ಅವನ ಹಂಗಿಲ್ಲ, ಬಾಯಿಪಾಠ, ನದಿ ತುಂಬಿತ್ತು ಅನ್ನುತ್ತಿದೆ, ಸುವಾರ್ತೆಯಲ್ಲಿ ನನ್ನ ಸಹೋದರ ಹೆದರಲಿಲ್ಲ ಅನ್ನುತ್ತಿದೆ, ಬಿಯಾಕಿ ಬರೆದುಕೊಳ್ಳುತ್ತಿದ್ದಾಳೆ, ತನಗೆ ಬಾಯಿಪಾಠವಾಗಿರುವುದನ್ನೇ ಬರೆದುಕೊಳ್ಳುತ್ತಿದ್ದಾಳೆ, ಹೇಳಿದರೆ ಅವಳ ಹನ್ನೊಂದು ವರ್ಷ ಮುಳುಗುತ್ತದೆ, ಹೇಳದಿದ್ದರೆ ನಾಳೆ ಮೋಯ, ಅದೇ ಕಡವು, ಅದೇ ಬಂಡೆ, ಅವನ ಕೈಯೂ ಅಪ್ಪನ ಹಾಗೆ ಉದ್ದ ಬೆರಳಿನದೇ ಇರಬೇಕು, ದೇವರೇ ಈ ಕಹಿ ಪಾತ್ರೆ ನನ್ನಿಂದ ತೆಗಿ, ತೆಗೆಯುವುದಿಲ್ಲ, ಆಗ ಅವನು ಕೈ ಎತ್ತಿದ ಅಂದಿತು ಬಾಯಿ, ಮತ್ತು ನಲವತ್ತು ಕೈ ಮೇಲೆದ್ದವು, ಎಲ್ಲರಿಗಿಂತ ಮೊದಲು ಅವಳದು, ಝುವಾಲನಿಗೆ ಬೆಂಚುಗಳು ಕಾಣಲಿಲ್ಲ, ಮುಖಗಳು ಕಾಣಲಿಲ್ಲ, ಕೈಗಳು ಮಾತ್ರ, ಪಿ ಬಿಯಾಕಿ ಅಂದ, ದನಿ ತನ್ನದಲ್ಲ ಅನಿಸಿತು, ಥಂಗ್‌ಕಿಮ ಸ್ತುತಿಸ್ಲಿಲ್ಲ ಪಿ, ನನ್ನ ಕೈ ಕೇಳ್ದ, ಚೀಲ ಬಿಡೋ ಅಂದ, ನಾನು ಬಿಡ್ಲಿಲ್ಲ, ಅವನು ಬೇಡ ಅಂದ್ರೂ ನೀರಿಗಿಳಿಸಿದ್ದೂ ನಾನೇ, ಮೋಯನಿಗೆ ಈಗ್ಲೇ ಫೋನ್ ಮಾಡಿ, ನಾಳೆ ದಾಟಬೇಡ ಅನ್ನಿ. ಯಾರೋ ಕೆಮ್ಮಿದರು, ಮುಂದಿನ ಸಾಲಿನ ಕೈ ಇಳಿಯಿತು, ಅದರ ಹಿಂದಿನದು ಇಳಿಯಿತು, ಒಂದೊಂದಾಗಿ ಎಲ್ಲವೂ ಇಳಿದವು, ಮೂರನೆಯ ಬೆಂಚಿನ ತುದಿಯಲ್ಲಿ ಒಂದು ಕೈ ಇಳಿಯಲಿಲ್ಲ, ಅದನ್ನು ಇಳಿಸುವುದು ಅವಳಿಗೆ ಮರೆತೇಹೋಗಿತ್ತು, ಒಂದೇ ಕೈ, ಐದೂ ಬೆರಳು ಅಗಲಿಸಿಕೊಂಡು, ಅವನ ಕಡೆಗೆ